ಒಂದೇ ಪಿಚ್ಚರ್, ಮೂರು ತೀರ್ಪು: ಕಲಬುರಗಿಯ ಬಳಗವೊಂದು ‘ಅವತಾರ್’ ಎರಡನೇ ಭಾಗ ನೋಡಿದ ಪ್ರಕರಣ

ಜೇಮ್ಸ್ ಕ್ಯಾಮರೂನ್ ಅವರ ‘ಅವತಾರ್’ ತೆರೆಕಂಡದ್ದು 2009ರ ಡಿಸೆಂಬರ್ 18ರಂದು. ಅದರ ಮುಂದುವರಿದ ಭಾಗ ‘ಅವತಾರ್: ದಿ ವೇ ಆಫ್ ವಾಟರ್’ ಬಂದದ್ದು 2022ರ ಡಿಸೆಂಬರ್ 16, ಶುಕ್ರವಾರ. ನಡುವೆ ಹದಿಮೂರು ವರ್ಷ ಕಳೆದಿತ್ತು. ಮೊದಲ ಭಾಗ ಬಂದಾಗ ಊರಿನ ಹೆಸರು ಇನ್ನೂ ಗುಲ್ಬರ್ಗ. ಆಗ ಹೈಸ್ಕೂಲಿನಲ್ಲಿದ್ದ ಹುಡುಗರು ಎರಡನೆಯದರ ಹೊತ್ತಿಗೆ ನೌಕರಿ ಹಿಡಿದಿದ್ದರು, ಕೆಲವರಿಗೆ ಮಕ್ಕಳೂ ಆಗಿದ್ದವು. ಇಷ್ಟು ದೀರ್ಘ ಕಾಯುವಿಕೆ ಇದ್ದಾಗ ಅಭಿಮಾನಿಗಳ ಉತ್ಸಾಹ ಹೇಗಿರುತ್ತದೆ, ಅದು ಎಲ್ಲೆಲ್ಲಿ ಕೈಕೊಡುತ್ತದೆ, ಚಿತ್ರ ನೋಡಿ ಹೊರಬಂದವರ ಮಾತು ಯಾಕೆ ಒಂದಕ್ಕೊಂದು ಹೊಂದುವುದಿಲ್ಲ ಎಂಬುದನ್ನು ಒಂದು ಬಳಗದ ಮೂಲಕ ಇಲ್ಲಿ ನೋಡುತ್ತಿದ್ದೇವೆ.

ಬಳಗವನ್ನು ಮಾದರಿಯಾಗಿ ಕಟ್ಟಿಕೊಂಡಿದ್ದೇವೆ, ಕಲಬುರಗಿಯಲ್ಲಿ ಇಂಥ ಬಳಗಗಳು ಇರುವ ಹಾಗೆಯೇ. ಚಿತ್ರದ ವಿವರ, ದಿನಾಂಕ, ತಂತ್ರದ ಲೆಕ್ಕಗಳು ಮಾತ್ರ ಇದ್ದದ್ದು ಇದ್ದ ಹಾಗೆ. ಒಟ್ಟು 11 ಮಂದಿ: ನಾಲ್ವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಒಬ್ಬ ಪಿಯು ಉಪನ್ಯಾಸಕರು, ಅವರ ಹೆಂಡತಿ ಮತ್ತು ಮಗಳು, ಮೆಡಿಕಲ್ ಅಂಗಡಿ ನಡೆಸುವ ಅಣ್ಣತಮ್ಮಂದಿರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಇಬ್ಬರು ಗೆಳೆಯರು. ಎಲ್ಲರೂ ಒಟ್ಟಿಗೆ ಹೋಗಬೇಕೆಂದು ಮಾತಾಗಿತ್ತು. ಕೊನೆಗೆ ಹೋದದ್ದು ಮೂರು ದಾರಿಯಲ್ಲಿ. ಉಪನ್ಯಾಸಕರ ಮನೆಯವರು ಮತ್ತು ಇಬ್ಬರು ವಿದ್ಯಾರ್ಥಿಗಳು ಶುಕ್ರವಾರ ಬೆಳಗ್ಗೆಯೇ ಊರಿನ ಒಂದು ಹಳೆಯ ಟಾಕೀಸಿನಲ್ಲಿ ಕನ್ನಡ ತ್ರೀಡಿ ನೋಡಿದರು. ಅಣ್ಣತಮ್ಮಂದಿರು ಮತ್ತು ಒಬ್ಬ ವಿದ್ಯಾರ್ಥಿ ಅದೇ ಸಂಜೆ ಮಾಲ್‌ನಲ್ಲಿ ಹಿಂದಿ ಟೂಡಿ ನೋಡಿದರು. ಬ್ಯಾಂಕಿನವರು ಉಳಿದ ಒಬ್ಬ ವಿದ್ಯಾರ್ಥಿಯನ್ನು ಕರೆದುಕೊಂಡು ಶನಿವಾರ ರೈಲು ಹತ್ತಿ ಹೈದರಾಬಾದಿಗೆ ಹೋಗಿ ದೊಡ್ಡ ಪರದೆಯ ಮೇಲೆ ಇಂಗ್ಲಿಷ್ ತ್ರೀಡಿ ನೋಡಿಬಂದರು. ಭಾನುವಾರ ಸಂಜೆ ಚಹಾಕ್ಕೆ ಕೂತಾಗ ಮೂರು ಗುಂಪಿನವರೂ ಮೂರು ಬೇರೆ ಬೇರೆ ಪಿಚ್ಚರ್ ನೋಡಿಬಂದವರ ಹಾಗೆ ಮಾತಾಡಿದರು. ಒಂದರ್ಥದಲ್ಲಿ ಅವರು ನೋಡಿದ್ದೂ ಬೇರೆ ಬೇರೆಯೇ.

ಮೊದಲ ಭಾಗದ ನೆನಪು

ಸೀಕ್ವೆಲ್‌ಗೆ ಹೋಗುವ ಮುಂಚೆ ಮೊದಲ ಭಾಗ ಮತ್ತೊಮ್ಮೆ ನೋಡಬೇಕು ಎಂದು ಎಲ್ಲರೂ ಹೇಳುತ್ತಾರೆ, ನೋಡುವವರು ಕಡಿಮೆ. 162 ನಿಮಿಷದ ಚಿತ್ರ ಅದು. 2022ರ ಸೆಪ್ಟೆಂಬರಿನಲ್ಲಿ ಮತ್ತೆ ತೆರೆಗೆ ಬಂದಾಗಲೂ ಬಳಗದಲ್ಲಿ ಹೋದವರು ಬ್ಯಾಂಕಿನ ಇಬ್ಬರೇ. ಉಳಿದವರ ತಲೆಯಲ್ಲಿ ಉಳಿದಿದ್ದು ನಾವಿ ಎಂಬ ನೀಲಿ ಮೈಯ ಜನ, ಹಾರುವ ಪ್ರಾಣಿ, ಬೀಳುವ ಮರ, ಇಷ್ಟೇ. ಎರಡನೇ ಭಾಗ ಅರ್ಥವಾಗಲು ಇಷ್ಟು ಸಾಕಾಗುವುದಿಲ್ಲ. ಖಳನಾದ ಕರ್ನಲ್ ಕ್ವಾರಿಚ್ ಮೊದಲ ಭಾಗದ ಕೊನೆಗೆ ನಾಯಕಿ ನೇಟಿರಿಯ ಬಾಣಕ್ಕೆ ಸತ್ತಿದ್ದಾನೆ. ಎರಡನೇ ಭಾಗದಲ್ಲಿ ಬರುವುದು ಅವನ ನೆನಪುಗಳನ್ನು ತುಂಬಿದ ನೀಲಿ ದೇಹ. ಇದು ಗೊತ್ತಿಲ್ಲದವರು ಮೊದಲ ಅರ್ಧ ಗಂಟೆ ‘ಸತ್ತವನು ಹೆಂಗ ಬಂದ’ ಎಂದು ಪಕ್ಕದವರನ್ನು ಕೇಳುತ್ತಲೇ ಇರುತ್ತಾರೆ. ಕಿರಿ ಎಂಬ ಹುಡುಗಿ ಹುಟ್ಟಿದ್ದು ಮೊದಲ ಭಾಗದ ವಿಜ್ಞಾನಿ ಡಾಕ್ಟರ್ ಗ್ರೇಸ್ ಅವರ ಅವತಾರ್ ದೇಹದಿಂದ, ಅಂದರೆ ಮನುಷ್ಯರು ನಡೆಸಲೆಂದು ಬೆಳೆಸಿದ ನೀಲಿ ದೇಹದಿಂದ. ಗ್ರೇಸ್ ಮತ್ತು ಕಿರಿ ಎರಡೂ ಪಾತ್ರಗಳನ್ನು ಮಾಡಿದ್ದು ಸಿಗೋರ್ನಿ ವೀವರ್ ಅವರೇ. ಸ್ಪೈಡರ್ ಎಂಬ ಮನುಷ್ಯರ ಹುಡುಗ ಕ್ವಾರಿಚ್‌ನ ಮಗ. ನಾಯಕ ಜೇಕ್ ಮತ್ತು ನೇಟಿರಿಯ ಗಂಡುಮಕ್ಕಳಲ್ಲಿ ಹಿರಿಯವನು ನೆಟೆಯಮ್, ಕಿರಿಯವನು ಲೋಆಕ್.

ಮೂರು ಗಂಟೆ ಬಿಡುವಿಲ್ಲದವರು ಈ ನಾಲ್ಕೈದು ವಿಷಯಗಳನ್ನಾದರೂ ಕೇಳಿಕೊಂಡು ಹೋಗಬೇಕು. ಉಪನ್ಯಾಸಕರು ಗುರುವಾರ ರಾತ್ರಿ ಊಟದ ಹೊತ್ತಿಗೆ ಮಗಳಿಗೆ ಇಷ್ಟನ್ನೇ ಹೇಳಿದ್ದರು. ಮೊದಲ ಭಾಗ ನೋಡದೇ ಇದ್ದ ಆ ಹುಡುಗಿ ಕತೆಯಲ್ಲಿ ಎಲ್ಲೂ ತಪ್ಪಲಿಲ್ಲ. ಹದಿಮೂರು ವರ್ಷದ ಹಿಂದೆ ನೋಡಿ, ಎಲ್ಲಾ ನೆನಪಿದೆ ಎಂದುಕೊಂಡು ಹೋದ ಮೆಡಿಕಲ್ ಅಂಗಡಿಯ ಅಣ್ಣ ತಪ್ಪಿದರು.

ಯಾವ ಭಾಷೆ

2009ರಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಕನ್ನಡಕ್ಕೆ ಡಬ್ಬಿಂಗ್ ಮಾಡುವುದಕ್ಕೆ ದಶಕಗಳಿಂದ ಅಘೋಷಿತ ತಡೆ ಇತ್ತು. ಕಲಬುರಗಿಯವರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನೋಡಿದರು, ಸೇಡಂ, ಚಿಂಚೋಳಿ ಕಡೆಯ ಹಲವರು ತೆಲುಗಿನಲ್ಲಿ ನೋಡಿದರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟ ಮೇಲೆ ದಾರಿ ತೆರೆಯಿತು. ಎರಡನೇ ಭಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಮಲಯಾಳಂ ಜೊತೆ ಕನ್ನಡದಲ್ಲೂ ಬಂತು. ಕನ್ನಡ ಟ್ರೈಲರ್ ಬಂದ ದಿನ ಬಳಗದಲ್ಲಿ ಆದ ಸಂಭ್ರಮ ಚಿತ್ರದ ಮೊದಲ ಪೋಸ್ಟರಿಗೂ ಆಗಿರಲಿಲ್ಲ. ಅದು ನ್ಯಾಯವಾದ ಸಂಭ್ರಮವೇ. ಮನೆಯ ಹಿರಿಯರನ್ನು, ಸಣ್ಣ ಮಕ್ಕಳನ್ನು ಇಂಥ ಚಿತ್ರಕ್ಕೆ ಕರೆದೊಯ್ಯಲು ಅಲ್ಲಿಯವರೆಗೆ ಆಗುತ್ತಿರಲಿಲ್ಲ.

ಆದರೆ ಸೀಕ್ವೆಲ್‌ನ ಡಬ್ಬಿಂಗಿಗೆ ಅದರದೇ ಒಂದು ಕಷ್ಟ ಇದೆ. ಜೇಕ್ ಹೀಗೆ ಮಾತಾಡುತ್ತಾನೆ, ಕ್ವಾರಿಚ್‌ನ ಗದರಿಕೆ ಹೀಗಿರುತ್ತದೆ ಎಂಬುದು ಹಿಂದಿಯ, ತೆಲುಗಿನ ದನಿಯಲ್ಲಿ ಕಿವಿಗೆ ಕೂತುಬಿಟ್ಟಿದೆ. ಮೊದಲ ಭಾಗವನ್ನು ಕನ್ನಡದಲ್ಲಿ ಕೇಳದವರಿಗೆ ಎರಡನೆಯದು ನೇರ ಕನ್ನಡದಲ್ಲಿ ಬಂದಾಗ ಪರಿಚಿತ ಮುಖಕ್ಕೆ ಅಪರಿಚಿತ ದನಿ. ಮೇಲಾಗಿ ಡಬ್ಬಿಂಗಿನ ಕನ್ನಡ ಸಾಮಾನ್ಯವಾಗಿ ಬೆಂಗಳೂರು-ಮೈಸೂರು ಕಡೆಯದು. ‘ಹೊಂಟೀನಿ’, ‘ಛಲೋ ಅದ’ ಎನ್ನುವವರ ಕಿವಿಗೆ ‘ಹೊರಡುತ್ತಿದ್ದೇನೆ’ ಹತ್ತಿರವಾಗಲು ಸ್ವಲ್ಪ ಹೊತ್ತು ಬೇಕು. ಹೆಚ್ಚಿನವರಿಗೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಕಿವಿ ಹೊಂದಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷಕ್ಕೇ ತೀರ್ಪು ಕೊಟ್ಟು ‘ಡಬ್ಬಿಂಗ್ ಸರಿಯಿಲ್ಲ’ ಎಂದು ಸ್ಟೇಟಸ್ ಹಾಕುವವರು ಆ ಹೊತ್ತನ್ನು ಕೊಟ್ಟಿರುವುದಿಲ್ಲ.

ಭಾಷೆಯ ಆವೃತ್ತಿ ಟಾಕೀಸಿಗೆ ಹೇಗೆ ಬರುತ್ತದೆ ಎಂದು ತಿಳಿದರೆ ಕೊನೆಯ ಗಳಿಗೆಯ ಗೊಂದಲಗಳೂ ಅರ್ಥವಾಗುತ್ತವೆ. ಚಿತ್ರ ಬರುವುದು ಡಿಸಿಪಿ ಎಂಬ ಡಿಜಿಟಲ್ ಕಟ್ಟಿನಲ್ಲಿ. ಇದರ ವೇಗದ ಮಿತಿ ಸೆಕೆಂಡಿಗೆ 250 ಮೆಗಾಬಿಟ್. ಆ ಲೆಕ್ಕದಲ್ಲಿ 192 ನಿಮಿಷದ ಈ ಚಿತ್ರ ಗರಿಷ್ಠ 360 ಗಿಗಾಬೈಟ್‌ವರೆಗೆ ತೂಗಬಹುದು. ಎಲ್ಲಾ ಭಾಷೆಗಳಿಗೂ ದೃಶ್ಯದ ಮೂಲ ಕಟ್ಟು ಒಂದೇ ಇಟ್ಟು, ಕನ್ನಡದ ಧ್ವನಿಯನ್ನು ಸಣ್ಣ ಪೂರಕ ಕಟ್ಟಾಗಿ ಕಳಿಸುವುದು ರೂಢಿ. ಪೂರಕ ಕಟ್ಟು ಸರ್ವರ್‌ಗೆ ಇಳಿದು ಮೂಲ ಕಟ್ಟು ಇಳಿಯದಿದ್ದರೆ ಶೋ ಓಡುವುದಿಲ್ಲ. ಎರಡೂ ಇಳಿದ ಮೇಲೂ ಕೆಡಿಎಂ ಎಂಬ ಡಿಜಿಟಲ್ ಕೀಲಿ ಬೇಕು. ಆ ಕೀಲಿ ಒಂದು ನಿರ್ದಿಷ್ಟ ಸರ್ವರ್‌ಗೆ, ಒಂದು ನಿರ್ದಿಷ್ಟ ಭಾಷೆಯ ಆವೃತ್ತಿಗೆ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಎಂದು ಕಟ್ಟಿರುತ್ತದೆ. ಹಾಗಾಗಿ ‘ಹಿಂದಿ ಶೋಗೆ ಮಂದಿ ಇಲ್ಲ, ಕನ್ನಡ ಹಾಕ್ರಿ’ ಎಂದು ಕೌಂಟರಿನಲ್ಲಿ ಎಷ್ಟು ಒತ್ತಾಯಿಸಿದರೂ ಕೀಲಿ ಇಲ್ಲದೆ ಆಪರೇಟರ್ ಏನೂ ಮಾಡಲಾರ. ಒತ್ತಾಯ ಮಾಡುವುದಿದ್ದರೆ ಬಿಡುಗಡೆಗೆ ನಾಲ್ಕೈದು ದಿನ ಮುಂಚೆ ಮ್ಯಾನೇಜರ್ ಹತ್ತಿರ ಮಾಡಬೇಕು. ಇಷ್ಟು ಜನ ಬರುತ್ತೇವೆ, ಇಂಥ ಶೋಗೆ ಬರುತ್ತೇವೆ ಎಂದು ತಲೆ ಎಣಿಸಿ ಹೇಳಿದರೆ ಅವರು ವಿತರಕರ ಮುಂದೆ ಇಡಲು ಒಂದು ಮಾತಾಗುತ್ತದೆ.

ವೇಳೆಯ ಲೆಕ್ಕ

192 ನಿಮಿಷಕ್ಕೆ ಇಂಟರ್ವಲ್ 15, ಜಾಹೀರಾತು ಮತ್ತು ಟ್ರೈಲರ್ 10 ಸೇರಿಸಿದರೆ 217. ಹಾಲ್ ಗುಡಿಸಿ ಕನ್ನಡಕ ತೊಳೆಯಲು 20 ನಿಮಿಷ ಇಟ್ಟರೆ ಒಂದು ಶೋಗೆ ಸುಮಾರು ನಾಲ್ಕು ಗಂಟೆ. ಮೂರು ಗಂಟೆಗೊಂದು ಶೋ ಇಡುವ ರೂಢಿಯ ಟಾಕೀಸಿಗೆ ಇದು ಹೊಂದುವುದಿಲ್ಲ. ಬೆಳಗ್ಗೆ 10ಕ್ಕೆ ಶುರು ಮಾಡಿದರೆ 2, 6, ರಾತ್ರಿ 10. ಕೊನೆಯ ಶೋ ಬಿಡುವುದು ಒಂದೂವರೆಯ ಮೇಲೆ. ಆಳಂದ, ಜೇವರ್ಗಿ, ಅಫಜಲಪುರದಿಂದ ಬಸ್ಸಿಗೆ ಬಂದವರಿಗೆ 6 ಗಂಟೆಯ ಶೋ ಕೂಡ ಕಷ್ಟ, ಬಿಡುವಾಗ ಹತ್ತು ಹತ್ತಿರ ಬಂದಿರುತ್ತದೆ. ಅದಕ್ಕೇ ಇಂಥ ಉದ್ದದ ಚಿತ್ರಗಳಿಗೆ ನಮ್ಮ ಕಡೆ ಮಾರ್ನಿಂಗ್ ಶೋ ಮತ್ತು ಮ್ಯಾಟಿನಿ ಮೊದಲು ತುಂಬುತ್ತವೆ, ರಾತ್ರಿಯದು ಊರವರಿಗೇ ಉಳಿಯುತ್ತದೆ.

ಆ ವಾರಾಂತ್ಯಕ್ಕೆ ಇನ್ನೊಂದು ತೊಡಕೂ ಇತ್ತು. ಡಿಸೆಂಬರ್ 18ರ ಭಾನುವಾರ ರಾತ್ರಿ ಎಂಟೂವರೆಗೆ ಅರ್ಜೆಂಟೀನಾ ಮತ್ತು ಫ್ರಾನ್ಸ್ ನಡುವಿನ ವಿಶ್ವಕಪ್ ಫುಟ್‌ಬಾಲ್ ಫೈನಲ್. ಭಾನುವಾರ 6ರ ಶೋಗೆ ಎಲ್ಲರೂ ಸೇರೋಣ ಎಂದಿದ್ದ ಬಳಗ ಒಡೆದದ್ದೇ ಇಲ್ಲಿ. ವಿದ್ಯಾರ್ಥಿಗಳಿಗೆ ಫೈನಲ್ ಬಿಡಲು ಮನಸ್ಸಿಲ್ಲ, ಅಂಗಡಿಯವರಿಗೆ ಭಾನುವಾರ ಬಿಟ್ಟರೆ ಶುಕ್ರವಾರ ಸಂಜೆಯೇ ಬಿಡುವು.

ಬುಕಿಂಗ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದೊಡ್ಡ ಊರುಗಳಲ್ಲಿ ವಾರಗಳ ಮುಂಚೆ ತೆರೆಯುತ್ತದೆ, ಕಲಬುರಗಿಯಂಥ ಕಡೆ ಪರದೆ, ಭಾಷೆ ಎಲ್ಲಾ ಮಾತಾಗಿ ಬಿಡುಗಡೆಯ ವಾರದಲ್ಲೇ ತೆರೆಯುವುದು ಸಾಮಾನ್ಯ. ಟಿಕೆಟ್ ತೆಗೆಯುವ ಮುಂಚೆ ಆ್ಯಪ್‌ನಲ್ಲಿ ಭಾಷೆಯ ಪಕ್ಕ ಟೂಡಿ ಇದೆಯೋ ತ್ರೀಡಿ ಇದೆಯೋ ಎಂದು ಕಣ್ಣಾಡಿಸಬೇಕು. ಮೆಡಿಕಲ್ ಅಂಗಡಿಯ ತಮ್ಮ ಹಿಂದಿ ಎಂಬುದಷ್ಟನ್ನೇ ನೋಡಿ ಮೂರು ಸೀಟು ಹಿಡಿದ. ಅದು ಟೂಡಿ ಎಂದು ತಿಳಿದದ್ದು ಬಾಗಿಲಲ್ಲಿ ಯಾರೂ ಕನ್ನಡಕ ಕೊಡದಿದ್ದಾಗ.

ಬೆಳಕು

ಮೊದಲ ಗುಂಪಿನ ಅನುಭವ ನಿರ್ಧಾರವಾದದ್ದು ಇಲ್ಲಿ. ತ್ರೀಡಿ ಎಂದರೆ ಕಣ್ಣಿಗೆ ಬರುವ ಬೆಳಕು ಕಡಿಮೆಯಾಗುವುದು, ಇದು ತಪ್ಪಿದ್ದಲ್ಲ. ಟೂಡಿ ಚಿತ್ರಕ್ಕೆ ಪರದೆಯ ನಡುಮಧ್ಯೆ 14 ಫುಟ್‌ಲ್ಯಾಂಬರ್ಟ್ (ಪರದೆಯ ಬೆಳಕು ಅಳೆಯುವ ಮಾನ) ಬೆಳಕು ಇರಬೇಕು ಎಂಬುದು ಮಾನದಂಡ. ತ್ರೀಡಿಯಲ್ಲಿ ಎಡಗಣ್ಣಿನ ಚಿತ್ರ, ಬಲಗಣ್ಣಿನ ಚಿತ್ರ ಒಂದಾದ ಮೇಲೊಂದು ಬರುತ್ತವೆ. ಎರಡು ಕಣ್ಣಿನ ಚಿತ್ರಗಳನ್ನು ಬೇರ್ಪಡಿಸಲು ಪ್ರೊಜೆಕ್ಟರ್ ಮುಂದೆ ಇಡುವ ಪೋಲರೈಸರ್ ಎಂಬ ಗಾಜು ಒಂದಿಷ್ಟು ಬೆಳಕು ನುಂಗುತ್ತದೆ, ಮೂಗಿನ ಮೇಲಿನ ಕನ್ನಡಕ ಇನ್ನಷ್ಟು ನುಂಗುತ್ತದೆ. ಸಾಮಾನ್ಯ ವ್ಯವಸ್ಥೆಯಲ್ಲಿ ಕಣ್ಣಿಗೆ ತಲುಪುವುದು ಹೆಚ್ಚುಕಡಿಮೆ ನೂರಕ್ಕೆ 15 ಭಾಗ. 14ರಲ್ಲಿ 15 ಪ್ರತಿಶತ ಎಂದರೆ 2.1. ಇದು ಸಾಲದು. ತ್ರೀಡಿಗೆ 3.5ರಿಂದ 4.5ರವರೆಗಾದರೂ ಬೇಕು. ಅದಕ್ಕಾಗಿ ತ್ರೀಡಿ ಶೋ ವೇಳೆ ಲ್ಯಾಂಪಿನ ಕರೆಂಟ್ ಏರಿಸಬೇಕು. ಬೆಳಕನ್ನು ಇಮ್ಮಡಿ ಮಾಡಲು ಆದರೆ 4.2 ಸಿಗುತ್ತದೆ. ಲ್ಯಾಂಪ್ ಹಳೆಯದಾಗಿ ಎಪ್ಪತ್ತು ಪ್ರತಿಶತಕ್ಕೆ ಇಳಿದಿದ್ದರೆ ಅದೇ 4.2 ಮೂರರ ಕೆಳಗೆ ಬರುತ್ತದೆ.

ಪ್ರೊಜೆಕ್ಟರಿನ ಝೆನಾನ್ ಲ್ಯಾಂಪ್‌ಗಳಿಗೆ ಕಂಪನಿಯವರು ಇಷ್ಟು ಗಂಟೆ ಎಂದು ಆಯುಷ್ಯ ಕೊಟ್ಟಿರುತ್ತಾರೆ. 2 ಕಿಲೋವಾಟ್‌ನ ಸಣ್ಣ ಲ್ಯಾಂಪ್ ಎರಡು ಸಾವಿರ ಗಂಟೆ ದಾಟುತ್ತದೆ, 6 ಕಿಲೋವಾಟ್‌ನದು ಕೆಲವು ನೂರು ಗಂಟೆಗೇ ಮುಗಿಯುತ್ತದೆ. ಲ್ಯಾಂಪ್ ತುಟ್ಟಿ ವಸ್ತು. ದಿನಕ್ಕೆ ನಾಲ್ಕು ಶೋ, ವರ್ಷದ ಬಹುಪಾಲು ಅರ್ಧ ಖಾಲಿ ಹಾಲ್ ಇರುವ ಟಾಕೀಸಿನ ಮಾಲೀಕರು ಅದನ್ನು ಆಯುಷ್ಯ ಮುಗಿದ ಮೇಲೂ ಓಡಿಸುತ್ತಾರೆ, ಅವರ ಲೆಕ್ಕ ಅವರಿಗೆ. ದಿನಬಳಕೆಯ ಟೂಡಿ ಚಿತ್ರಗಳಲ್ಲಿ ಈ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ತ್ರೀಡಿ ಹಾಕಿದ ದಿನ ಎದ್ದು ಕಾಣುತ್ತದೆ.

ಅದರಲ್ಲೂ ಈ ಚಿತ್ರದ ಕೊನೆಯ ಒಂದು ಗಂಟೆ ಹೆಚ್ಚಾಗಿ ಕತ್ತಲಲ್ಲಿ ನಡೆಯುತ್ತದೆ: ಗ್ರಹಣದ ಮಬ್ಬು, ಹೊತ್ತಿ ಉರಿಯುವ ಹಡಗು, ನೀರು ತುಂಬುತ್ತಿರುವ ಒಳಕೋಣೆಗಳು. ಅಣ್ಣ ನೆಟೆಯಮ್ ಮತ್ತು ತಮ್ಮ ಲೋಆಕ್ ನೋಡಲು ಒಂದೇ ಥರ. ಗುರುತು ಹಿಡಿಯಲು ಇರುವುದು ಸಣ್ಣ ಸಣ್ಣ ಚಹರೆಗಳು: ಲೋಆಕ್‌ಗೆ ಹುಬ್ಬು ಇದೆ, ಕೈಗೆ ಐದು ಬೆರಳು. ನೆಟೆಯಮ್‌ಗೆ ಉಳಿದ ನಾವಿಗಳ ಹಾಗೆ ನಾಲ್ಕೇ ಬೆರಳು. ಬೆಳಕು ಮೂರು ಫುಟ್‌ಲ್ಯಾಂಬರ್ಟಿಗಿಂತ ಕೆಳಗಿರುವ ಪರದೆಯಲ್ಲಿ ಹುಬ್ಬೂ ಕಾಣದು, ಬೆರಳೂ ಕಾಣದು. ಇಬ್ಬರಲ್ಲಿ ಒಬ್ಬ ಸಾಯುವ ದೃಶ್ಯ ಬಂದಾಗ ಉಪನ್ಯಾಸಕರ ಹೆಂಡತಿಯೂ ಅವರ ಪಕ್ಕದ ಸಾಲಿನವರೂ ‘ಸತ್ತವರ್ಯಾರು, ಅಣ್ಣನೋ ತಮ್ಮನೋ’ ಎಂದು ಕೇಳುವಂತಾಯಿತು. ಇಡೀ ಚಿತ್ರದ ನೋವು ನಿಂತಿರುವುದೇ ಆ ಗಳಿಗೆಯ ಮೇಲೆ. ಅಲ್ಲಿ ಗುರುತು ಸಿಗದಿದ್ದರೆ ಅಳು ಬರುವುದಿಲ್ಲ, ಅಳು ಬಾರದಿದ್ದರೆ ‘ಕೊನೆಗೆ ಬರೀ ಹೊಡೆದಾಟ’ ಎಂಬ ಮಾತು ಬರುತ್ತದೆ.

ಈ ಕಾರಣಕ್ಕೇ ಕ್ಯಾಮರೂನ್ ತಂಡ ಭಾಷೆ, ಪರದೆಯ ಆಕಾರ, ಬೆಳಕಿನ ಮಟ್ಟ ಎಲ್ಲಾ ಲೆಕ್ಕ ಹಾಕಿ ಸಾವಿರಕ್ಕೂ ಹೆಚ್ಚು ಆವೃತ್ತಿಗಳನ್ನು ಮಾಡಿ ಕಳಿಸಿತ್ತು. ಪರದೆಯ ಆಕಾರದ್ದೂ ಸಣ್ಣ ವಿಷಯವಲ್ಲ. ಅಗಲ ಜಾಸ್ತಿ ಇರುವ ಸ್ಕೋಪ್ ಪರದೆಗೆ 2.39 ಅನುಪಾತದ್ದು, ಎತ್ತರ ಜಾಸ್ತಿ ಇರುವುದಕ್ಕೆ 1.85ರದ್ದು ಹಾಕಬೇಕು. ಅದಲುಬದಲಾದರೆ ಮೇಲೆ-ಕೆಳಗೋ ಎಡ-ಬಲಕ್ಕೋ ಕಪ್ಪು ಅಂಚು ಬಿಟ್ಟು ಚಿತ್ರ ನಡುವೆ ಸಣ್ಣದಾಗಿ ಕೂರುತ್ತದೆ.

ಕನ್ನಡಕ ಮತ್ತು ಸೀಟು

ಪೋಲರೈಸ್ಡ್ ತ್ರೀಡಿಗೆ ಸಿಲ್ವರ್ ಸ್ಕ್ರೀನ್, ಅಂದರೆ ಲೋಹದ ಲೇಪದ ಬೆಳ್ಳಿ ಬಣ್ಣದ ಪರದೆ ಬೇಕು. ಬಿಳಿ ಪರದೆಯ ಮೇಲೆ ಎರಡು ಕಣ್ಣಿನ ಚಿತ್ರಗಳೂ ಬೆರೆತುಹೋಗುತ್ತವೆ. ಆದರೆ ಸಿಲ್ವರ್ ಸ್ಕ್ರೀನ್ ನಡುವೆ ಹೊಳೆಯುತ್ತದೆ, ಬದಿಗಳಲ್ಲಿ ಮಂಕಾಗುತ್ತದೆ. ಟೂಡಿಗೆ ಬದಿಯ ಸೀಟು ನಡೆದೀತು, ತ್ರೀಡಿಗೆ ನಡೆಯದು. ನಡುಸಾಲಿನ ಎಡಬಲ ನಾಲ್ಕೈದು ಸೀಟಿನೊಳಗೆ, ಪರದೆಯಿಂದ ಮೂರರಲ್ಲಿ ಎರಡು ಭಾಗ ಹಿಂದೆ ಕೂರುವುದು ಒಳ್ಳೆಯದು. ಬಾಲ್ಕನಿಯ ತುದಿಯ ಸೀಟಿಗೆ ಹೆಚ್ಚು ದುಡ್ಡು ಕೊಡುವುದಕ್ಕಿಂತ ಕೆಳಗಿನ ನಡುಸೀಟು ಲೇಸು.

ಕನ್ನಡಕ ಕೈಗೆ ಬಂದ ಕೂಡಲೇ ಬೆಳಕಿಗೆ ಹಿಡಿದು ನೋಡಬೇಕು. ಗೀರು, ಎಣ್ಣೆ ಬೆರಳಿನ ಗುರುತು ಇದ್ದರೆ ಬಾಗಿಲಲ್ಲೇ ಬದಲಿಸಿಕೊಳ್ಳಬೇಕು. ಒರೆಸಲು ಚಸ್ಮಾದ ಮೆತ್ತನೆ ಬಟ್ಟೆ ಒಯ್ಯಬೇಕು, ಶರ್ಟಿನ ತುದಿಯಿಂದ ಒರೆಸಿದರೆ ಗೀರು ಹೆಚ್ಚುತ್ತದೆ. ಕನ್ನಡ ತ್ರೀಡಿಗೆ ಹೋದ ಇಬ್ಬರು ವಿದ್ಯಾರ್ಥಿಗಳು ನಾವಿಗಳ ಹಾಗೆ ಮುಖಕ್ಕೆ ನೀಲಿ ಬಳಿದುಕೊಂಡು ಬಂದಿದ್ದರು, ಹೋಳಿಯ ಬಣ್ಣಕ್ಕೆ ಕೊಬ್ಬರಿ ಎಣ್ಣೆ ಕಲಸಿ. ಬಾಗಿಲಲ್ಲಿ ಎಲ್ಲರೂ ಅವರ ಜೊತೆ ಫೋಟೊ ತೆಗೆಸಿಕೊಂಡರು, ಆ ಉತ್ಸಾಹ ನೋಡಲು ಚೆನ್ನಾಗಿತ್ತು. ಆದರೆ ಎಣ್ಣೆ ಬಣ್ಣ ಮೂಗಿನಿಂದ ಕನ್ನಡಕಕ್ಕೆ ಹತ್ತಿ ಅರ್ಧ ಗಂಟೆಯಲ್ಲಿ ಇಬ್ಬರಿಗೂ ಚಿತ್ರ ಮಸುಕಾಯಿತು. ಬಣ್ಣ ಹಚ್ಚುವುದಿದ್ದರೆ ನೀರಿನಲ್ಲಿ ಕರಗುವ ಫೇಸ್ ಪೇಂಟ್ ತಂದು, ಹಿಂದಿನ ದಿನ ಮುಂಗೈಗೆ ಹಚ್ಚಿ ತುರಿಕೆ ಬರುತ್ತದೋ ನೋಡಿ, ಕಣ್ಣಿನ ಸುತ್ತ ಮತ್ತು ಮೂಗಿನ ಮೇಲೆ ಖಾಲಿ ಬಿಟ್ಟು ಹಚ್ಚಿಕೊಳ್ಳಬೇಕು.

ಇನ್ನೊಂದು ಪರೀಕ್ಷೆ ಎಲ್ಲರೂ ಕಲಿತಿರಬೇಕಾದದ್ದು. ಚಿತ್ರ ಶುರುವಾಗಿ ಎರಡು ನಿಮಿಷವಾದರೂ ಆಳ ಕಾಣದೆ ಕಣ್ಣು ಎಳೆದ ಹಾಗಾದರೆ ಕನ್ನಡಕವನ್ನು ತಲೆಕೆಳಗು ಮಾಡಿ ಹಾಕಿಕೊಂಡು ನೋಡಿ. ಪೋಲರೈಸ್ಡ್ ಕನ್ನಡಕದಲ್ಲಿ ಹೀಗೆ ಮಾಡಿದರೆ ಎಡದ ಗಾಜು ಬಲಗಣ್ಣಿಗೆ ಬರುತ್ತದೆ. ಆಗ ಎಲ್ಲಾ ಸರಿಯಾಗಿ ಕಂಡರೆ ಪ್ರೊಜೆಕ್ಟರಿನಲ್ಲಿ ಎಡಬಲ ಅದಲುಬದಲಾಗಿದೆ ಎಂದರ್ಥ. ಆಪರೇಟರ್ ಅದನ್ನು ಕ್ಯಾಬಿನ್ನಿನಲ್ಲೇ ಬೇಗ ಸರಿಮಾಡಬಹುದು. ಆದರೆ ಹೇಳಬೇಕಾದದ್ದು ಆಗಲೇ. ಇಂಟರ್ವಲ್‌ನಲ್ಲಿ ಹೇಳೋಣ ಎಂದು ಕೂತರೆ ತಲೆನೋವಿನ ಜೊತೆ ಒಂದೂವರೆ ಗಂಟೆ ಹೋಗಿರುತ್ತದೆ. ಹುಟ್ಟಿನಿಂದ ಒಂದು ಕಣ್ಣಿನ ದೃಷ್ಟಿ ಮಂದ ಇರುವವರಿಗೆ ಯಾವ ಕನ್ನಡಕದಲ್ಲೂ ಆಳ ಸರಿಯಾಗಿ ಕಾಣದಿರಬಹುದು. ಅವರು ಟೂಡಿಗೆ ಹೋಗುವುದೇ ಸರಿ, ಪೂರ್ತಿ ಬೆಳಕಾದರೂ ಸಿಗುತ್ತದೆ.

ಧ್ವನಿಯದ್ದು ಒಂದೇ ಮಾತು. ಹಾಲ್‌ನ ಧ್ವನಿ ನಡೆಸುವ ಡಾಲ್ಬಿ ಪ್ರೊಸೆಸರಿನಲ್ಲಿ 7 ಎಂಬುದು ಚಿತ್ರ ಮಿಕ್ಸ್ ಮಾಡಿದ ಮಟ್ಟ. ‘ಸೌಂಡ್ ಜೋರಾತು’ ಎಂಬ ದೂರಿಗೆ ಹೆದರಿ ಅನೇಕ ಕಡೆ ನಾಲ್ಕೈದಕ್ಕೆ ಇಳಿಸಿರುತ್ತಾರೆ. ಆಗ ಸಮುದ್ರದ ಮೊರೆತದಲ್ಲಿ ಮಾತು ಮುಳುಗುತ್ತದೆ, ಬೈಗುಳ ಡಬ್ಬಿಂಗಿಗೆ ಬೀಳುತ್ತದೆ.

ಹೈದರಾಬಾದಿನ ದಾರಿ

ವಾಡಿ, ತಾಂಡೂರು, ವಿಕಾರಾಬಾದ್ ದಾಟಿ ಹೈದರಾಬಾದ್. ಕಲಬುರಗಿಯ ಸಿನಿಮಾ ಪ್ರೇಮಿಗಳಿಗೆ ಬೆಂಗಳೂರಿಗಿಂತ ಇದೇ ಹತ್ತಿರ, ಬೀದರಿನವರಿಗಂತೂ ಜಹೀರಾಬಾದ್ ರಸ್ತೆ ಹಿಡಿದರೆ ಇನ್ನೂ ಹತ್ತಿರ. ಬೆಳಗ್ಗೆ ಹೋಗಿ ರಾತ್ರಿ ಬರಲು ಆಗುತ್ತದೆ. ಆದರೆ ಮಧ್ಯಾಹ್ನದ ಶೋವನ್ನೇ ಹಿಡಿಯಬೇಕು, ಚಿತ್ರ ಬಿಡುವುದಕ್ಕೂ ರೈಲು ಬಿಡುವುದಕ್ಕೂ ನಡುವೆ ಎರಡು ಗಂಟೆಯಾದರೂ ಇಟ್ಟುಕೊಳ್ಳಬೇಕು. ಅಲ್ಲಿ ಕನ್ನಡ ಆವೃತ್ತಿಯನ್ನು ಎದುರು ನೋಡುವಂತಿಲ್ಲ. ಬೆಳಕು ಬೇಕೆಂದು ಹೋದವರು ಕನ್ನಡ ಬಿಟ್ಟರು, ಕನ್ನಡ ಬೇಕೆಂದು ಉಳಿದವರು ಬೆಳಕು ಬಿಟ್ಟರು.

ಅವರು ಆರಿಸಿಕೊಂಡದ್ದು 48 ಫ್ರೇಮ್‌ನ ಶೋ. ಸಾಮಾನ್ಯ ಚಿತ್ರ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರಗಳಂತೆ ಓಡುತ್ತದೆ. ಇದರಲ್ಲಿ ನೀರಿನೊಳಗಿನ, ಹಾರಾಟದ, ಕಾದಾಟದ ಹಲವು ದೃಶ್ಯಗಳನ್ನು 48ರಲ್ಲಿ ಇಟ್ಟು, ಮಾತುಕತೆಯ ದೃಶ್ಯಗಳನ್ನು 24ರ ಹಾಗೆಯೇ ಕಾಣುವಂತೆ ಪ್ರತಿ ಫ್ರೇಮನ್ನು ಎರಡು ಸಲ ತೋರಿಸಿದ್ದಾರೆ. ಇದನ್ನು ತ್ರೀಡಿಯಲ್ಲಿ ಓಡಿಸಲು ಸರ್ವರಿನ ಬೋರ್ಡ್ ಪ್ರೊಜೆಕ್ಟರಿನೊಳಗೇ ಕೂತಿರುವ ಹೊಸ ಪೀಳಿಗೆಯ ಯಂತ್ರ ಬೇಕು, ಹೊರಗಿನ ಸರ್ವರಿನಿಂದ ಕೇಬಲ್ ಎಳೆದ ಹಳೆಯ ಯಂತ್ರಗಳಿಂದ ಆಗದು. 48ರಲ್ಲಿ ಕ್ಯಾಮೆರಾ ಅಡ್ಡಲಾಗಿ ಸರಿದಾಗ ನಡುಕ ಇಲ್ಲ, ನೀರಿನ ಪ್ರತಿ ಗುಳ್ಳೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ಕೇಟ್ ವಿನ್ಸ್ಲೆಟ್ ಮೊದಲಾದವರು ಉಸಿರು ಬಿಗಿಹಿಡಿಯಲು ವಾರಗಟ್ಟಲೆ ಅಭ್ಯಾಸ ಮಾಡಿ ನಿಜವಾದ ನೀರಿನ ತೊಟ್ಟಿಯಲ್ಲಿ ಅಭಿನಯಿಸಿದ್ದರ ಫಲ ಕಾಣುವುದು ಇಂಥ ಪರದೆಯಲ್ಲೇ. ಆದರೆ ಒಂದು ಶಾಟ್ 48, ಮುಂದಿನದು 24 ಎಂದು ಬದಲಾಗುವಾಗ ಚುರುಕು ಕಣ್ಣಿನವರಿಗೆ ತಡವರಿಸಿದ ಹಾಗಾಗುತ್ತದೆ. ಬ್ಯಾಂಕಿನವರಲ್ಲಿ ಒಬ್ಬರು ‘ಟಿವಿ ಸೀರಿಯಲ್ ಥರ ಕಂಡಿತು’ ಎಂದದ್ದು 48ರ ಆ ನುಣುಪಿಗೇ.

ಭಾನುವಾರದ ಚಹಾ

ಮೂರೂ ಗುಂಪಿನವರು ನೋಡಿ ಮುಗಿಯುವವರೆಗೆ ಯಾರೂ ಕತೆ ಬಿಡಬಾರದು ಎಂದು ಬಳಗದಲ್ಲಿ ಕರಾರಾಗಿತ್ತು. ಅದನ್ನು ಎಲ್ಲರೂ ಪಾಲಿಸಿದರು. ಹೊರಗಿನ ಸ್ಟೇಟಸ್‌ಗಳಿಂದ ಮಾತ್ರ ತಪ್ಪಿಸಿಕೊಳ್ಳಲು ಆಗಲಿಲ್ಲ, ಮಗನ ಸಾವಿನ ದೃಶ್ಯವನ್ನೇ ಫೋನಿನಲ್ಲಿ ಹಿಡಿದು ಹಾಕಿದವರಿದ್ದರು. ಇದನ್ನು ಹುಡುಗಾಟ ಎಂದು ಬಿಡುವ ಹಾಗಿಲ್ಲ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಬಂದ ಮೇಲೆ ಟಾಕೀಸಿನಲ್ಲಿ ಪರದೆಯನ್ನು ರೆಕಾರ್ಡ್ ಮಾಡುವುದಕ್ಕೆ ಕನಿಷ್ಠ ಮೂರು ತಿಂಗಳಿಂದ ಮೂರು ವರ್ಷದವರೆಗೆ ಸಜೆ, ಕನಿಷ್ಠ 3 ಲಕ್ಷ ರೂಪಾಯಿ ದಂಡ ಇದೆ.

ಚಹಾದ ಮುಂದೆ ಬಂದ ಮಾತುಗಳು ಹೀಗೆ. ಕನ್ನಡ ತ್ರೀಡಿ ನೋಡಿದವರು: ಕತೆ ಮನಸ್ಸಿಗೆ ತಟ್ಟಿತು, ಮನೆಮಂದಿಯ ಕತೆ, ಆದರೆ ಕೊನೆಗೆ ಏನೂ ತಿಳಿಯಲಿಲ್ಲ. ಹಿಂದಿ ಟೂಡಿ ನೋಡಿದವರು: ಎಲ್ಲಾ ಸ್ಪಷ್ಟ ಕಂಡಿತು, ಆದರೆ ‘ನಡುವ ಭಾಳ ಎಳದಾರ’. ಹೈದರಾಬಾದಿನಿಂದ ಬಂದವರು: ನಡುವಿನ ಆ ಸಮುದ್ರದ ಭಾಗವೇ ಚಿತ್ರ, ಉಳಿದದ್ದು ಇಲ್ಲದಿದ್ದರೂ ನಡೆಯುತ್ತಿತ್ತು.

ಸಮುದ್ರತೀರದ ನಾವಿಗಳಾದ ಮೆಟ್ಕಯಿನಾ ಜನರ ನಡುವೆ ಜೇಕ್‌ನ ಮಕ್ಕಳು ಈಜು ಕಲಿಯುವುದು, ಲೋಆಕ್ ಮತ್ತು ಪಾಯಕನ್ ಎಂಬ ತುಲ್ಕುನ್ (ತಿಮಿಂಗಿಲದಂಥ ಪ್ರಾಣಿ) ನಡುವಿನ ಗೆಳೆತನ, ಇವೆಲ್ಲ ಬರುವ ನಡುಭಾಗದಲ್ಲಿ ಘಟನೆಗಳು ಕಡಿಮೆ. ಅದು ನಿಂತಿರುವುದು ನೀರಿನ ಆಳದ ಮೇಲೆ. ಆಳವನ್ನೇ ತೆಗೆದು ಚಪ್ಪಟೆ ಮಾಡಿದರೆ ಉಳಿಯುವುದು ಉದ್ದ. ಹಾಗಾಗಿ ಹಿಂದಿ ಟೂಡಿಯವರ ದೂರು ಸುಳ್ಳಲ್ಲ, ಅವರು ಕಂಡ ಚಿತ್ರ ನಿಜಕ್ಕೂ ಎಳೆದಿತ್ತು. ಒಬ್ಬರಿಗೊಬ್ಬರು ‘ನಿಮಗ ಪಿಚ್ಚರ್ ನೋಡೂದೇ ಗೊತ್ತಿಲ್ಲ’ ಎಂದು ಹೊಡೆದಾಡುವ ಬದಲು ಯಾವ ಹಾಲ್, ಯಾವ ಸೀಟು, ಯಾವ ಆವೃತ್ತಿ ಎಂದು ಮೊದಲು ಕೇಳಿಕೊಂಡಿದ್ದರೆ ಅರ್ಧ ವಾದ ಅಲ್ಲೇ ಮುಗಿಯುತ್ತಿತ್ತು.

ಎರಡನೇ ಸಲ

ಕ್ರಿಸ್‌ಮಸ್ ರಜೆಯಲ್ಲಿ ಕೆಲವರು ಅದಲುಬದಲಾಗಿ ನೋಡಿದರು. ಮೆಡಿಕಲ್ ಅಂಗಡಿಯವರು ತ್ರೀಡಿಗೆ ಹೋದರು, ಮೊದಲು ನಡುಸೀಟು ಸಿಗುತ್ತದೋ ಕೇಳಿಕೊಂಡು. ಉಪನ್ಯಾಸಕರ ಹೆಂಡತಿ, ಮಗಳು ಟೂಡಿಗೆ ಹೋದರು. ಬ್ಯಾಂಕಿನವರಲ್ಲಿ ಒಬ್ಬರು ತಾಯಿಯನ್ನು ಕರೆದುಕೊಂಡು ಕನ್ನಡಕ್ಕೆ ಬಂದರು.

ಬದಲಾದ ಅಭಿಪ್ರಾಯಗಳನ್ನೂ ಬದಲಾಗದವನ್ನೂ ಬೇರೆ ಬೇರೆ ಇಟ್ಟು ನೋಡಬೇಕು. ‘ಎಳೆದಾರ’ ಎಂಬುದು ತ್ರೀಡಿಯಲ್ಲಿ ಬಹಳ ಮಟ್ಟಿಗೆ ಕರಗಿತು. ಸತ್ತವರ್ಯಾರು ಎಂಬುದು ಪೂರ್ತಿ ಬೆಳಕಿನಲ್ಲಿ ಪ್ರಶ್ನೆಯಾಗಿ ಉಳಿಯಲೇ ಇಲ್ಲ, ತಾಯಿ ಮಗಳು ಇಬ್ಬರೂ ಈ ಸಲ ಅತ್ತರು. ಸಬ್‌ಟೈಟಲ್ ಓದಲಾಗದ ಆ ತಾಯಿ ಕನ್ನಡದಲ್ಲಿ ಕತೆಯನ್ನು ಒಂದೆಳೆಯೂ ಬಿಡದೆ ಹಿಡಿದರು. ಮಗ ಇಂಗ್ಲಿಷಿನಲ್ಲಿ ಗಮನಿಸದೆ ಬಿಟ್ಟಿದ್ದನ್ನು, ನೇಟಿರಿಗೆ ಸ್ಪೈಡರ್ ಮೇಲೆ ಇರುವ ಸಿಟ್ಟನ್ನು, ಅವರೇ ತೋರಿಸಿಕೊಟ್ಟರು.

ಬದಲಾಗದೆ ಉಳಿದದ್ದು ಮೂರು. ಸತ್ತ ಖಳನನ್ನೇ ಮತ್ತೆ ತಂದದ್ದು ಯಾವ ಪರದೆಯಲ್ಲಿ ನೋಡಿದರೂ ಹೊಸ ಖಳನನ್ನು ಹುಟ್ಟಿಸುವ ಶ್ರಮ ತಪ್ಪಿಸಿದ ಹಾಗೆಯೇ ಕಂಡಿತು. ಮಕ್ಕಳು ಸೆರೆಸಿಕ್ಕು ಬಿಡುಗಡೆಯಾಗಿ ಮತ್ತೆ ಸೆರೆಸಿಗುವುದು ಎಲ್ಲ ಭಾಷೆಯಲ್ಲೂ ಒಂದು ಸಲ ಹೆಚ್ಚಾಯಿತು. ಕೊನೆಯ ಹೊತ್ತಿಗೆ ಮೆಟ್ಕಯಿನಾ ಜನರೆಲ್ಲ ಎಲ್ಲಿ ಹೋದರು ಎಂಬುದಕ್ಕೆ ಯಾವ ಆವೃತ್ತಿಯಲ್ಲೂ ಉತ್ತರ ಸಿಗಲಿಲ್ಲ. ಇವು ಚಿತ್ರದ್ದೇ ಕೊರತೆಗಳು, ಟಾಕೀಸಿನವರ ತಲೆಗೆ ಕಟ್ಟುವಂಥವಲ್ಲ.

2025ರ ಡಿಸೆಂಬರ್ 19ರಂದು ಮೂರನೇ ಭಾಗ ‘ಫೈರ್ ಅಂಡ್ ಆ್ಯಶ್’ ಬಂತು. ಅದಕ್ಕೂ ಹೋಗುವ ಮುಂಚೆ ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಇವೇ: ಯಾವ ಭಾಷೆ, ಟೂಡಿಯೋ ತ್ರೀಡಿಯೋ, ನಡುಸೀಟು ಎಷ್ಟಿವೆ, ತ್ರೀಡಿಗೆ ಲ್ಯಾಂಪ್ ಇತ್ತೀಚೆಗೆ ಬದಲಿಸಿದ್ದಾರೋ. ಕೊನೆಯ ಪ್ರಶ್ನೆ ಕೇಳಿದಾಗ ಮ್ಯಾನೇಜರ್ ಒಂದು ಗಳಿಗೆ ತಡೆದರೆ ಟೂಡಿ ಶೋದ ಟಿಕೆಟ್ ತೆಗೆದುಕೊಳ್ಳುವುದು ವಾಸಿ. 48 ಫ್ರೇಮ್ ಬೇಕೋ ಬೇಡವೋ ಎಂಬ ವಿಷಯದಲ್ಲಿ ಬ್ಯಾಂಕಿನ ಇಬ್ಬರು ಗೆಳೆಯರು ಇನ್ನೂ ಒಂದು ಮಾತಿಗೆ ಬಂದಿಲ್ಲ.